ಜೋಡಿಗಾಜಿನ ಕಿಟಕಿಗೆ ಮಂಜು ಕವಿದಾಗ

ಕಳೆದ ಆಟಿ ತಿಂಗಳ ಒಂದು ಮುಂಜಾನೆ, ಕಲ್ಯಾಣಪುರದ ನಮ್ಮ ನೆರೆಮನೆಯ ಹಿರಿಯರೊಬ್ಬರು ನಮ್ಮನ್ನು ಕರೆಸಿ ತಮ್ಮ ಮನೆಯ ಕಿಟಕಿಗಳನ್ನು ತೋರಿಸಿದರು. ಹೆದ್ದಾರಿಯ ಸದ್ದು ಒಳಕ್ಕೆ ಬಾರದಿರಲಿ, ಹವಾನಿಯಂತ್ರಣ ಯಂತ್ರಕ್ಕೆ ತಗಲುವ ವಿದ್ಯುತ್ತಿನ ಖರ್ಚೂ ತಗ್ಗಲಿ ಎಂದು ಅವರ ಮಗ ಮೂರು ಕಿಟಕಿಗಳಿಗೆ ಜೋಡಿಗಾಜು ಹಾಕಿಸಿದ್ದನು. ಆ ಮುಂಜಾನೆ ಮೂರಕ್ಕೂ ಮಂಜು ಕವಿದು, ಅಂಗಳದ ತೆಂಗಿನ ಮರಗಳು ಕೂಡ ಕಾಣದಂತಾಗಿದ್ದವು.

“ನೋಡಿ ಮಾಸ್ಟ್ರೇ, ಮೂರನ್ನೂ ಕಿತ್ತು ಹೊಸತು ಹಾಕಬೇಕೆಂದು ಒಬ್ಬ ಹೇಳಿ ಹೋದ. ಗಾಜಿಗೆ ಒಂದು ತೂತು ಕೊರೆದರೆ ಸಾಕೆಂದು ಇನ್ನೊಬ್ಬ ಹೇಳುತ್ತಾನೆ. ಮಗನ ದುಡಿಮೆಯ ಹಣ. ಯಾರ ಮಾತನ್ನು ನಂಬಲಿ?” ಎಂದು ಅವರು ಕೇಳಿದರು.

ಉತ್ತರ ಹೇಳುವ ಮೊದಲು ನಾವು ಅವರನ್ನು ಕೇಳಿದ ಪ್ರಶ್ನೆ ಒಂದೇ: ಮಂಜು ಕುಳಿತಿರುವುದು ಗಾಜಿನ ಯಾವ ಮುಖದ ಮೇಲೆ? ಅವರಿಗೆ ಈ ಪ್ರಶ್ನೆ ವಿಚಿತ್ರವಾಗಿ ತೋರಿತು. ಆದರೆ ಜೋಡಿಗಾಜಿನ ಕಿಟಕಿಯ ರೋಗನಿದಾನವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಜೋಡಿಗಾಜೆಂದರೇನು?

ಎರಡು ಗಾಜಿನ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುಮಾರು 12ರಿಂದ 16 ಮಿಲಿಮೀಟರ್ ಅಂತರದಲ್ಲಿ ನಿಲ್ಲಿಸಿ, ಅಂಚನ್ನು ಸುತ್ತಲೂ ಮುಚ್ಚಿಬಿಟ್ಟರೆ ಅದೇ ಜೋಡಿಗಾಜು. ಉಷ್ಣವನ್ನು ತಡೆಯುವುದು ಇಲ್ಲಿ ಗಾಜಲ್ಲ. ನಡುವೆ ಸೆರೆಯಾದ ಗಾಳಿ. ಗಾಜಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 40 ಪಟ್ಟು ಹೆಚ್ಚು. ಹಾಗಾದರೆ ಅಂತರವನ್ನು ಇನ್ನೂ ಹೆಚ್ಚಿಸಿದರೆ ಇನ್ನೂ ಒಳ್ಳೆಯದಲ್ಲವೆ? ಅಲ್ಲ. ಅಂತರ ಹೆಚ್ಚಿದಂತೆ ಒಳಗಿನ ಗಾಳಿಯು ಒಂದು ಗಾಜಿನ ಬಳಿ ಮೇಲೇರಿ ಇನ್ನೊಂದರ ಬಳಿ ಕೆಳಗಿಳಿಯುತ್ತ, ಸಂವಹನದಿಂದ ಉಷ್ಣವನ್ನು ಸಾಗಿಸತೊಡಗುತ್ತದೆ. ಕೆಲವರು ಗಾಳಿಯ ಬದಲು ಆರ್ಗಾನ್ ಅನಿಲವನ್ನು ತುಂಬುತ್ತಾರೆ; ಅದರ ವಾಹಕತೆ ಗಾಳಿಯ ಮೂರರಲ್ಲಿ ಎರಡು ಪಾಲು ಮಾತ್ರ.

ಅಂಚಿನಲ್ಲಿ ಗಾಜುಗಳನ್ನು ಬೇರ್ಪಡಿಸುವ ಟೊಳ್ಳಾದ ಲೋಹದ ಪಟ್ಟಿಯೊಂದಿರುತ್ತದೆ. ಅದರೊಳಗೆ ಸಾಸಿವೆಯಂತಹ ಜಿಯೋಲೈಟ್ ಕಾಳುಗಳನ್ನು ತುಂಬಿರುತ್ತಾರೆ. ಅವುಗಳಲ್ಲಿರುವ ರಂಧ್ರಗಳ ಅಗಲ ಒಂದು ಮೀಟರಿನ ಸಾವಿರ ಕೋಟಿ ಪಾಲಿನಲ್ಲಿ ಮೂರು ಪಾಲು. ನೀರಿನ ಅಣು ಅದರೊಳಗೆ ನುಸುಳಬಲ್ಲದು. ನೈಟ್ರೊಜನ್ನಿನ ಅಣು ನುಸುಳಲಾರದು. ಸೆರೆಯಾದ ಗಾಳಿಯಲ್ಲಿ ಉಳಿದ ತೇವವನ್ನು ಈ ಕಾಳುಗಳು ಹೀರಿ ಹಿಡಿದಿಡುತ್ತವೆ. ಪಟ್ಟಿಗೂ ಗಾಜಿಗೂ ನಡುವೆ ಬಾಷ್ಪವನ್ನು ತಡೆಯುವ ಬ್ಯುಟೈಲ್ ರಬ್ಬರಿನ ಲೇಪ, ಅದರ ಹೊರಗೆ ಗಾಜುಗಳನ್ನು ಬಿಗಿದು ಹಿಡಿಯುವ ಇನ್ನೊಂದು ಗಟ್ಟಿ ಲೇಪ. ಜೋಡಿಗಾಜಿನ ಆಯುಷ್ಯವು ಈ ಅಂಚಿನ ಆಯುಷ್ಯವೇ ಆಗಿದೆ.

ಈ ಉಪಾಯ ಹೊಸತಲ್ಲ. ನ್ಯೂಯಾರ್ಕಿನ ಥಾಮಸ್ ಸ್ಟೆಟ್ಸನ್ ಎಂಬವನು ಇದಕ್ಕೆ 1865ರಲ್ಲಿಯೇ ಪೇಟೆಂಟ್ ಪಡೆದನು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದದ್ದೂ ಅದೇ ವರ್ಷ. ಒಂದು, ಚಳಿಯನ್ನು ಹೊರಗಿಡಲು ಮನೆಯನ್ನು ಮುಚ್ಚುವ ಉಪಾಯ. ಇನ್ನೊಂದು, ಸಂದುಗಳಲ್ಲಿ ಗಾಳಿಯಾಡಿಸುತ್ತ ಮಳೆಯನ್ನು ಹೊರಗಿಡುವ ಉಪಾಯ. ಚಳಿದೇಶದ ಆ ಕಿಟಕಿ ಇಂದು ನಮ್ಮ ಕರಾವಳಿಗೆ ಬಂದು ನಿಂತಿದೆ. ಅಲ್ಲಿ ಉಷ್ಣ ಒಳಗಿನಿಂದ ಹೊರಕ್ಕೆ ಹರಿಯುತ್ತದೆ. ಇಲ್ಲಿ ತಂಪುಗೊಳಿಸಿದ ಕೋಣೆಗೆ ಹೊರಗಿನಿಂದ ಒಳಕ್ಕೆ. ಆದುದರಿಂದ ಅಲ್ಲಿಯ ಔಷಧವನ್ನು ಇಲ್ಲಿ ವಿಚಾರಿಸದೆ ಬಳಸುವಂತಿಲ್ಲ.

ಮಂಜು ಕೂಡುವುದೇಕೆ?

ಗಾಳಿಯನ್ನು ತಣಿಸುತ್ತ ಹೋದರೆ, ಒಂದು ಉಷ್ಣತೆಯಲ್ಲಿ ಅದರಲ್ಲಿರುವ ಬಾಷ್ಪವು ಗಾಳಿಯನ್ನು ಸಂತೃಪ್ತಗೊಳಿಸುತ್ತದೆ. ಇನ್ನೂ ತಣಿಸಿದರೆ ಹೆಚ್ಚಿನ ಬಾಷ್ಪ ನೀರಾಗಿ ಕೂಡುತ್ತದೆ. ಆ ಉಷ್ಣತೆಗೆ ತುಷಾರಬಿಂದು ಎಂದು ಹೆಸರು. ಮಳೆಗಾಲದ ರಾತ್ರಿ ನಮ್ಮೂರಿನ ಗಾಳಿಯ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ 90 ಎಂದಿಟ್ಟುಕೊಳ್ಳೋಣ. ಆಗ ತುಷಾರಬಿಂದು ಸುಮಾರು 25 ಡಿಗ್ರಿ. ಅಂದರೆ 25 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವೇ ಆಗಲಿ, ಆ ಗಾಳಿಗೆ ತೆರೆದುಕೊಂಡರೆ ಬೆವರಲೇಬೇಕು.

ಗಾಜಿನ ಹೊರಮುಖ ಎಷ್ಟು ತಣ್ಣಗಿರುತ್ತದೆ? ಗಾಳಿ ಬೀಸದ ರಾತ್ರಿಯಲ್ಲಿ, ಒಳ ಹೊರಗಿನ ಉಷ್ಣತೆಗಳ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಒಂಟಿಗಾಜಿನ ಹೊರಮುಖವು ಹೊರಗಾಳಿಗಿಂತ ತಣ್ಣಗಿರುತ್ತದೆ. ಜೋಡಿಗಾಜಿನದು ಸುಮಾರು ಕಾಲುಭಾಗದಷ್ಟು. ಕೋಣೆಯೊಳಗೆ 22 ಡಿಗ್ರಿಯಿದ್ದರೆ ವ್ಯತ್ಯಾಸ 5 ಡಿಗ್ರಿ. ಒಂಟಿಗಾಜಿನ ಹೊರಮುಖ 25ಕ್ಕಿಂತ ಕೆಳಗಿಳಿದು ಬೆವರುತ್ತದೆ. ಜೋಡಿಗಾಜಿನದು 26ರ ಸಮೀಪದಲ್ಲಿದ್ದು ಒಣಗಿಯೇ ಇರುತ್ತದೆ. ಆದರೆ ನಮ್ಮ ನೆರೆಮನೆಯಲ್ಲಿ ಯಂತ್ರವನ್ನು 18 ಡಿಗ್ರಿಗೆ ಇಟ್ಟಿದ್ದರು! ವ್ಯತ್ಯಾಸ 9 ಡಿಗ್ರಿಯಾದಾಗ ಜೋಡಿಗಾಜಿನ ಹೊರಮುಖವೂ 25ಕ್ಕಿಂತ ತುಸು ಕೆಳಗಿಳಿಯಿತು. ಬೆರಳಿನಿಂದ ಹೊರಗಡೆ ಒರೆಸಿದಾಗ ಎರಡು ಕಿಟಕಿಗಳು ಸ್ವಚ್ಛವಾದವು. ಅವುಗಳಿಗೆ ಯಾವ ರೋಗವೂ ಇರಲಿಲ್ಲ. ಯಂತ್ರವನ್ನು 24 ಡಿಗ್ರಿಗೆ ಏರಿಸಿದ್ದೇ ಚಿಕಿತ್ಸೆಯಾಯಿತು.

ಮಂಜು ಕೋಣೆಯ ಕಡೆಯ ಮುಖದ ಮೇಲೆ ಕುಳಿತಿದ್ದರೆ ಕಾರಣ ಬೇರೆ. ರಾತ್ರಿಯಿಡೀ ತಣಿದ ಕೋಣೆಯ ಬಾಗಿಲನ್ನು ಬೆಳಿಗ್ಗೆ ತೆರೆದೊಡನೆ ತೇವದ ಗಾಳಿ ಒಳನುಗ್ಗಿ ತಣ್ಣನೆಯ ಗಾಜಿಗೆ ತಗಲುತ್ತದೆ. ಬಚ್ಚಲಿನ ಅಥವಾ ಅಡಿಗೆಮನೆಯ ಹಬೆಯಿಂದಲೂ ಹೀಗಾಗಬಹುದು. ಇದೂ ಕಿಟಕಿಯ ದೋಷವಲ್ಲ.

ಗಾಜುಗಳ ನಡುವಿನ ಮಂಜು

ಮೂರನೆಯ ಕಿಟಕಿಯ ಮಂಜು ಒಳಗೆ ಒರೆಸಿದರೂ ಹೋಗಲಿಲ್ಲ, ಹೊರಗೆ ಒರೆಸಿದರೂ ಹೋಗಲಿಲ್ಲ. ಅದು ಎರಡು ಗಾಜುಗಳ ನಡುವೆ ಇತ್ತು. ಇದೇ ನಿಜವಾದ ರೋಗ. ಅಂಚಿನ ಲೇಪ ಸೋತು ಬಾಷ್ಪ ಒಳನುಸುಳಿದೆ. ಜಿಯೋಲೈಟ್ ಕಾಳುಗಳು ತಾವು ಹೀರಬಲ್ಲಷ್ಟನ್ನು ಹೀರಿ ತಣಿದಿವೆ. ಮೊದಮೊದಲು ಇಂತಹ ಮಂಜು ಬೆಳಿಗ್ಗೆ ಕಾಣಿಸಿಕೊಂಡು ಮಧ್ಯಾಹ್ನಕ್ಕೆ ಮಾಯವಾಗುತ್ತದೆ. ಬರಬರುತ್ತ ಅಳಿಸಲಾಗದ ಬಿಳಿ ಕಲೆಯಾಗಿ ನಿಲ್ಲುತ್ತದೆ.

ಅಂಚು ಸೋಲುವುದಕ್ಕೆ ಮುಖ್ಯ ಕಾರಣಗಳು ಮೂರು.

ಮೊದಲನೆಯದು ಬಿಸಿಲು. 27 ಡಿಗ್ರಿಯಲ್ಲಿದ್ದ ಸೆರೆಗಾಳಿ ಬಿಸಿಲಿಗೆ 57 ಡಿಗ್ರಿಗೆ ಏರಿತೆನ್ನೋಣ. ನಿರಪೇಕ್ಷ ಮಾನದಲ್ಲಿ ಇದು 300ರಿಂದ 330. ಗಾತ್ರ ಬದಲಾಗದಿದ್ದರೆ ಒತ್ತಡ ಹತ್ತರಲ್ಲಿ ಒಂದು ಪಾಲು ಹೆಚ್ಚುತ್ತದೆ. ಗಾಜುಗಳು ಹೊರಕ್ಕೆ ಉಬ್ಬುತ್ತವೆ, ರಾತ್ರಿ ಮತ್ತೆ ಕುಗ್ಗುತ್ತವೆ. ದಿನವೂ ನಡೆಯುವ ಈ ಉಸಿರಾಟದ ಶ್ರಮವನ್ನೆಲ್ಲ ಅಂಚಿನ ಲೇಪವೇ ಸಹಿಸಬೇಕು.

ಎರಡನೆಯದು, ಘಟ್ಟದ ಮೇಲೆ ತಯಾರಾದ ಗಾಜಿಗೆ ಒದಗುವ ಸಂಕಟ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಯ ವಾಯುವಿನ ಒತ್ತಡ ಕಲ್ಯಾಣಪುರದ್ದಕ್ಕಿಂತ ಶೇಕಡ 10ರಷ್ಟು ಕಡಿಮೆ. ಅಲ್ಲಿ ಮುಚ್ಚಿದ ಜೋಡಿಗಾಜನ್ನು ಘಟ್ಟ ಇಳಿಸಿ ತಂದರೆ, ಹೊರಗಿನ ಹೆಚ್ಚಿನ ಒತ್ತಡ ಗಾಜುಗಳನ್ನು ಒಳಕ್ಕೆ ಅದುಮುತ್ತದೆ. ಗಾಜು ಬಾಗದೆ ನಿಂತರೆ ಪ್ರತಿ ಚದರ ಮೀಟರಿಗೆ ಸುಮಾರು 1000 ಕಿಲೋಗ್ರಾಂ ತೂಕದಷ್ಟು ಬಲ ಬೀಳುತ್ತಿತ್ತು! ಗಾಜು ಬಾಗಿ ಒಳಗಿನ ಗಾಳಿ ಕುಗ್ಗುವುದರಿಂದ ಈ ಬಲದ ಬಹುಭಾಗ ಸರಿದೂಗುತ್ತದೆ. ಆದರೂ ಬಾಗಿದ ಗಾಜು ಅಂಚನ್ನು ಸದಾ ಎಳೆಯುತ್ತಲೇ ಇರುತ್ತದೆ. ಇದಕ್ಕಾಗಿಯೇ ಬಲ್ಲ ತಯಾರಕರು ಕೂದಲೆಳೆಯಂತಹ ನಳಿಕೆಯೊಂದನ್ನು ಅಂಚಿನಲ್ಲಿರಿಸಿ, ಒಳಗಿನ ಮತ್ತು ಹೊರಗಿನ ಒತ್ತಡಗಳು ಸಮನಾಗುವಂತೆ ಮಾಡುತ್ತಾರೆ. ಗಾಜನ್ನು ಎಲ್ಲಿ ಕೂರಿಸಲಾಗುವುದೆಂಬುದನ್ನು ಅವರಿಗೆ ಮೊದಲೇ ತಿಳಿಸುವುದು ಲೇಸು.

ಮೂರನೆಯದು, ನಮ್ಮ ಜಿಲ್ಲೆಗೆ ಅತಿ ಮುಖ್ಯವಾದುದು: ನಿಂತ ನೀರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಚೌಕಟ್ಟಿನೊಳಗೆ ಸ್ವಲ್ಪ ನೀರು ಇಳಿಯದೆ ಇರದು. ಅದು ಹರಿದುಹೋಗಲೆಂದು ಚೌಕಟ್ಟಿನ ಅಡಿಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವು ಧೂಳು, ಪಾಚಿ, ಇರುವೆಯ ಮಣ್ಣುಗಳಿಂದ ಮುಚ್ಚಿಹೋದರೆ ಗಾಜಿನ ಅಂಚು ತಿಂಗಳುಗಟ್ಟಲೆ ನೀರಿನಲ್ಲೇ ನೆನೆಯುತ್ತದೆ. ನೆರೆಮನೆಯ ಮೂರನೆಯ ಕಿಟಕಿಗೆ ಆದದ್ದು ಇದೇ. ನಾವು ತಂತಿಯೊಂದನ್ನು ತೂರಿಸಿದಾಗ ಒಂದು ಲೋಟದಷ್ಟು ಕೆಸರುನೀರು ಹೊರಬಂದಿತು.

ತೂತು ಕೊರೆಯುವ ಚಿಕಿತ್ಸೆ

ಈಗ ತೂತು ಕೊರೆಯುವವನ ಮಾತನ್ನು ಪರೀಕ್ಷಿಸೋಣ. ಚಳಿದೇಶಗಳಲ್ಲಿ ಹೊರಗಾಜಿಗೆ ರಂಧ್ರ ಕೊರೆದು ಒಳಗಿನ ತೇವವನ್ನು ಹೊರಹಾಕುವ ಪದ್ಧತಿ ಇದೆ. ಅಲ್ಲಿ ಅದು ಅಲ್ಪಸ್ವಲ್ಪ ಫಲಿಸುತ್ತದೆ, ಏಕೆಂದರೆ ಅಲ್ಲಿಯ ಚಳಿಗಾಲದ ಹೊರಗಾಳಿ ಒಣಗಾಳಿ: 0 ಡಿಗ್ರಿಯಲ್ಲಿ ಸಂತೃಪ್ತವಾದ ಒಂದು ಘನಮೀಟರ್ ಗಾಳಿಯಲ್ಲಿಯೂ 5 ಗ್ರಾಮಿನಷ್ಟು ಬಾಷ್ಪವಿಲ್ಲ. ನಮ್ಮ ಮಳೆಗಾಲದ ಗಾಳಿಯಲ್ಲಿ 23 ಗ್ರಾಂ! ಆ ಗಾಳಿ ರಂಧ್ರದ ಮೂಲಕ ಹೊಕ್ಕು, 18 ಡಿಗ್ರಿಯ ಕೋಣೆಗೆ ತಾಗಿ 21 ಡಿಗ್ರಿಯಷ್ಟು ತಣಿದಿರುವ ಒಳಗಾಜನ್ನು ಮುಟ್ಟಿದೊಡನೆ ನೀರಾಗುತ್ತದೆ. ತೇವವನ್ನು ಹೊರಹಾಕಲು ಕೊರೆದ ದ್ವಾರವೇ ತೇವಕ್ಕೆ ಹೆಬ್ಬಾಗಿಲಾಗುತ್ತದೆ. ಹೊರಗಿನಿಂದ ಸಿಲಿಕೋನ್ ಅಂಟನ್ನು ಬಳಿದರೂ ಪ್ರಯೋಜನವಿಲ್ಲ. ಸಿಲಿಕೋನ್ ನೀರನ್ನು ತಡೆಯುತ್ತದೆ, ಬಾಷ್ಪವನ್ನು ಸುಲಭವಾಗಿ ಬಿಡುತ್ತದೆ. ಮೇಲಾಗಿ ಒಳಗಿನ ಕಾಳುಗಳು ಆಗಲೇ ತಣಿದಿವೆ.

ಹಾಗೆಂದು ಇಡೀ ಕಿಟಕಿಯನ್ನು ಕೀಳಿಸುವುದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ. ಚೌಕಟ್ಟು ಗಟ್ಟಿಯಾಗಿದ್ದರೆ ಅದು ಹಾಗೆಯೇ ಇರಲಿ. ಕೆಟ್ಟ ಜೋಡಿಗಾಜನ್ನು ಮಾತ್ರ ಬದಲಾಯಿಸಿದರೆ ಸಾಕು. ಉದ್ದ, ಅಗಲ, ಒಟ್ಟು ದಪ್ಪಗಳನ್ನು ಅಳೆದು ಹೊಸ ಗಾಜನ್ನು ಮಾಡಿಸಬೇಕು. ಅದನ್ನು ಕೂರಿಸುವಾಗ ಅಡಿಯಲ್ಲಿ ಆಧಾರದ ತುಂಡುಗಳನ್ನಿಟ್ಟು, ಅಂಚು ಚೌಕಟ್ಟಿನ ತಳಕ್ಕೆ ತಾಗದಂತೆ ಎತ್ತರಿಸಬೇಕು. ಈ ಕೆಲಸವನ್ನು ಬಲ್ಲವರಿಗೇ ಬಿಡುವುದು ಕ್ಷೇಮ. 5 ಮಿಲಿಮೀಟರ್ ದಪ್ಪದ ಎರಡು ಗಾಜುಗಳು ಚದರ ಮೀಟರಿಗೆ 25 ಕಿಲೋಗ್ರಾಂ ತೂಗುತ್ತವೆ, ಕೈಜಾರಿದರೆ ಅನಾಹುತ.

ನಾವೇ ಮಾಡಬಹುದಾದ ಕೆಲಸಗಳು

ಮಳೆಗಾಲಕ್ಕೆ ಮೊದಲು ಒಮ್ಮೆ, ನಡುವೆ ಇನ್ನೊಮ್ಮೆ, ನೀರಿನ ರಂಧ್ರಗಳನ್ನು ತೆಳುವಾದ ಕಡ್ಡಿಯಿಂದ ಬಿಡಿಸಿ, ನೀರು ಹಾಕಿ ಅದು ಹೊರಕ್ಕೆ ಹರಿಯುವುದನ್ನು ನೋಡಬೇಕು.

ಸದ್ದು ಅಥವಾ ಸೆಕೆ ಒಳಕ್ಕೆ ಬರುತ್ತಿದ್ದರೆ ತಪ್ಪು ಗಾಜಿನದಲ್ಲದೆ ರಬ್ಬರ್ ಪಟ್ಟಿಯದೂ ಆಗಿರಬಹುದು. ಕಾಗದದ ಚೂರೊಂದನ್ನು ನಡುವೆ ಇಟ್ಟು ಕಿಟಕಿಯನ್ನು ಮುಚ್ಚಿ ಎಳೆದು ನೋಡಿ. ಬಿಗಿಯಾಗಿದ್ದರೆ ಒಳ್ಳೆಯದು, ಸಲೀಸಾಗಿ ಜಾರಿ ಬಂದರೆ ಅಲ್ಲಿ ಪಟ್ಟಿ ಸವೆದಿದೆ. ಅದೇ ಅಳತೆಯ ಹೊಸ ಪಟ್ಟಿಯನ್ನು ಕೂರಿಸುವುದು ಕಠಿನವಲ್ಲ.

ಪಡಿ ಇಳಿದು ಚೌಕಟ್ಟಿಗೆ ಉಜ್ಜುತ್ತಿದ್ದರೆ ಬಿಜಾಗರಿಯ ತಿರುಪುಗಳನ್ನು ಬಿಗಿಗೊಳಿಸಬೇಕು. ಕಡಲಿನ ಉಪ್ಪುಗಾಳಿ ಉಕ್ಕನ್ನು ಬೇಗನೆ ತುಕ್ಕು ಹಿಡಿಸುವುದರಿಂದ, ಅವನ್ನು ಆಗಾಗ ಸಿಹಿನೀರಿನಲ್ಲಿ ಒರೆಸಿ, ಒಣಗಿಸಿ, ಎಣ್ಣೆ ಹಾಕಬೇಕು. ಬದಲಾಯಿಸುವುದಾದರೆ ಸ್ಟೇನ್‌ಲೆಸ್ ಉಕ್ಕಿನದೇ ಉತ್ತಮ.

ಎರಡು ಪ್ರಯೋಗಗಳು

ವಿದ್ಯಾರ್ಥಿಮಿತ್ರರು ತಾವೇ ಮಾಡಿ ನೋಡಬಹುದಾದ ಎರಡು ಪ್ರಯೋಗಗಳನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಹೊಳಪಾದ ಸ್ಟೀಲ್ ಲೋಟದಲ್ಲಿ ನೀರು, ಉಷ್ಣತಾಮಾಪಕ. ಸ್ವಲ್ಪಸ್ವಲ್ಪವೇ ಮಂಜುಗಡ್ಡೆ ಹಾಕಿ ಕಲಕುತ್ತ ಬನ್ನಿ. ಲೋಟದ ಹೊಳಪು ಯಾವ ಉಷ್ಣತೆಯಲ್ಲಿ ಮಾಸುವುದೋ ಅದೇ ಅಂದಿನ ತುಷಾರಬಿಂದು. ಇನ್ನೊಂದು: ರಾತ್ರಿ ಜೋಡಿಗಾಜಿನ ಮುಂದೆ ಮೊಂಬತ್ತಿ ಹಿಡಿದು ಓರೆಯಾಗಿ ನೋಡಿ. ನಾಲ್ಕು ಮುಖಗಳಿಂದ ನಾಲ್ಕು ಜ್ವಾಲೆಗಳು, ಎರಡೆರಡಾಗಿ ಕಾಣುವುವು. ಅಂಚಿನ ಬಳಿಗಿಂತ ನಡುವೆ ಆ ಎರಡು ಜೋಡಿಗಳು ಹತ್ತಿರವಾದರೆ ಗಾಜು ಒಳಕ್ಕೆ ಬಾಗಿದೆಯೆಂದು ತಿಳಿಯಬಹುದು. ಪರದೆಗೆ ಬೆಂಕಿ ತಗಲದಂತೆ ಎಚ್ಚರವಿರಲಿ.

ನೆರೆಮನೆಯವರು ಮೂರು ಕಿಟಕಿಗಳ ಬದಲು ಒಂದು ಗಾಜನ್ನು ಮಾತ್ರ ಹಾಕಿಸಿದರು. ಈಗ ಯಾರಾದರೂ ತಮ್ಮ ಕಿಟಕಿಗೆ ಮಂಜು ಬಂದಿದೆಯೆಂದು ಹೇಳಿದರೆ, ಆ ಹಿರಿಯರು ನಮಗಿಂತ ಮೊದಲೇ ಕೇಳುತ್ತಾರೆ: “ಯಾವ ಮುಖದ ಮೇಲೆ?”