ಬಿಸಿಲಿಗೆ ಮೂಡುವ ಒರಟು ಕಲೆ: ಅಲಕ್ಷ್ಯ ಸಲ್ಲದು

ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ ಎಲ್ಲವೂ ಬಿಸಿಲಿನಲ್ಲಿಯೇ ನಡೆಯುವ ನಾಡು ನಮ್ಮದು. ನಮ್ಮಲ್ಲಿ ಬಹುತೇಕರ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವು ಸಾಕಷ್ಟಿದ್ದು, ಸೂರ್ಯನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದುದರಿಂದ ಬಿಸಿಲಿನಿಂದ ಉಂಟಾಗುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ವಿರಳ. ಆದರೆ ಈ ರಕ್ಷಣೆಯಿಲ್ಲದೆ ಹುಟ್ಟಿದವರೂ ನಮ್ಮ ನಡುವೆ ಇದ್ದಾರೆ. ಹುಟ್ಟಿನಿಂದಲೇ ಮೈ, ಕೂದಲು, ಹುಬ್ಬುಗಳು ಬಿಳುಪಾಗಿರುವ ಈ ಸ್ಥಿತಿಗೆ ಅಲ್ಬಿನಿಸಂ ಎಂದು ಹೆಸರು. ಅಂಥವರನ್ನೂ ಅವರ ಮನೆಯವರನ್ನೂ ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಅಲ್ಬಿನಿಸಂ ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ತೊನ್ನು ಬೇರೆ, ಇದು ಬೇರೆ. ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಲ್ಲಿಯೂ ಅಡಗಿದ್ದ ದೋಷಯುಕ್ತ ವಂಶವಾಹಿಯು ಮಗುವಿಗೆ ಬಂದಾಗ ಇದು ಕಾಣಿಸಿಕೊಳ್ಳುತ್ತದೆ. ಅಂತಹ ದಂಪತಿಗಳಿಗೆ ಪ್ರತಿ ಗರ್ಭದಲ್ಲಿಯೂ 4ರಲ್ಲಿ 1 ಪಾಲು ಈ ಸಾಧ್ಯತೆಯಿರುತ್ತದೆ. ರಕ್ತಸಂಬಂಧದಲ್ಲಿಯೇ ಮದುವೆಯಾದಾಗ ಇಬ್ಬರಲ್ಲಿಯೂ ಅದೇ ವಂಶವಾಹಿ ಇರುವ ಸಂಭವ ಹೆಚ್ಚು.

ವರ್ಷಗಟ್ಟಲೆ ಬಿಸಿಲಿಗೆ ಒಡ್ಡಿದ ಇಂತಹ ಚರ್ಮದ ಜೀವಕೋಶಗಳು ಒಳಗಿನಿಂದ ಕೆಡುತ್ತವೆ. ಆಗ ಮುಖ, ಕಿವಿ, ಕತ್ತು, ಮುಂಗೈ, ಅಂಗೈಯ ಹಿಂಭಾಗಗಳಲ್ಲಿ ಒರಟಾದ, ಹೊಟ್ಟುಗಟ್ಟಿದ ಸಣ್ಣ ಕಲೆಗಳು ಮೂಡುತ್ತವೆ. ವೈದ್ಯರು ಇವನ್ನು ಆಕ್ಟಿನಿಕ್ ಕೆರಟೋಸಿಸ್ ಎನ್ನುತ್ತಾರೆ. ಕೆಳತುಟಿಯು ಸದಾ ಒಣಗಿ ಬಿರಿದು ಸಿಪ್ಪೆ ಏಳುವುದೂ ಇದೇ ಬಗೆಯ ಲಕ್ಷಣವಾಗಿರಬಹುದು. ಇದು ಇನ್ನೂ ಕ್ಯಾನ್ಸರ್ ಅಲ್ಲ. ಅದಕ್ಕೆ ಹಿಂದಿನ ಹಂತ. ಕೆಲವು ಕಲೆಗಳು ತಾವಾಗಿಯೇ ಮಾಯವಾಗುತ್ತವೆ, ಹಲವು ಹಾಗೆಯೇ ಉಳಿಯುತ್ತವೆ, ಕೆಲವು ಕ್ಯಾನ್ಸರಿಗೆ ತಿರುಗುತ್ತವೆ. ಯಾವುದು ತಿರುಗುವುದೆಂದು ಮೊದಲೇ ಹೇಳಲಾಗದು. ಆದುದರಿಂದಲೇ ಚಿಕಿತ್ಸೆ ಅಗತ್ಯ.

ಈ ಕಲೆಯು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಮುಟ್ಟಿದರೆ ಮರಳುಕಾಗದದಂತೆ ತರಿತರಿಯಾಗಿರುತ್ತದೆ. ಅಲ್ಬಿನಿಸಂ ಉಳ್ಳವರ ದೃಷ್ಟಿಯೂ ಸಾಮಾನ್ಯವಾಗಿ ಮಂದವಾಗಿರುವುದರಿಂದ ತಮ್ಮ ಮೈಮೇಲಿನ ಕಲೆ ಅವರಿಗೇ ಕಾಣದಿರಬಹುದು. ಆದುದರಿಂದ ಮನೆಯವರು ತಿಂಗಳಿಗೊಮ್ಮೆ ಅವರ ಮುಖ, ಕಿವಿಯ ಹಿಂಭಾಗ, ಕತ್ತು, ಕೈಗಳನ್ನು ಮುಟ್ಟಿ ನೋಡಬೇಕು. ಕಲೆಯು ದಪ್ಪವಾಗುತ್ತಿದ್ದರೆ, ಬುಡ ಗಟ್ಟಿಯಾದರೆ, ನೋವು ಅಥವಾ ರಕ್ತ ಬಂದರೆ, ಹುಣ್ಣಾಗಿ ಮಾಯದಿದ್ದರೆ ಒಂದು ದಿನವೂ ತಡಮಾಡಬಾರದು.

ಎಕ್ಕದ ಹಾಲು, ಸುಣ್ಣಗಳಿಂದ ಕಲೆಯನ್ನು ಸುಡುವ ಪದ್ಧತಿ ಅಪಾಯಕಾರಿ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುವುದೂ ಸಲ್ಲದು. ಅಷ್ಟರಲ್ಲಿ ರೋಗವು ಆಳಕ್ಕಿಳಿದಿರುತ್ತದೆ. ಚರ್ಮತಜ್ಞರು ಕಲೆಯನ್ನು ಪರೀಕ್ಷಿಸಿ, ಸಂಶಯವಿದ್ದರೆ ಸಣ್ಣ ತುಣುಕನ್ನು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಒಂದೆರಡು ಕಲೆಗಳಿದ್ದರೆ ಅತಿಶೀತಲವಾದ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಮುಗಿಯುವ ಕ್ರಮವಿದು. ಕಲೆಗಳು ಹಲವಿದ್ದರೆ 5-ಫ್ಲೂರೋಯುರಾಸಿಲ್ ಎಂಬ ಲೇಪವನ್ನು ಸಾಮಾನ್ಯವಾಗಿ 2ರಿಂದ 4 ವಾರ ಹಚ್ಚಲು ಹೇಳುತ್ತಾರೆ. ಆಗ ಆ ಜಾಗವು ಕೆಂಪಾಗಿ, ಉರಿದು, ಹೆಕ್ಕಳೆಗಟ್ಟುತ್ತದೆ. ಕೆಟ್ಟ ಕೋಶಗಳು ನಾಶವಾಗುತ್ತಿರುವ ಗುರುತದು. ಹೆದರಿ ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಗರ್ಭಿಣಿಯರು ಈ ಲೇಪವನ್ನು ಬಳಸಬಾರದು.

ಚಿಕಿತ್ಸೆಯ ನಂತರವೂ ಬಿಸಿಲಿಗೆ ಒಡ್ಡಿಕೊಂಡರೆ ಹೊಸ ಕಲೆಗಳು ಮೂಡುತ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಬೇಸಿಗೆ ಕಾಲ ಸನ್‌ಸ್ಕ್ರೀನನ್ನು ನಿತ್ಯ ಹಚ್ಚಿಕೊಂಡವರಲ್ಲಿ ಹೊಸ ಕಲೆಗಳು ಕಡಿಮೆಯಾದುದಲ್ಲದೆ ಹಳೆಯವೂ ಹೆಚ್ಚಾಗಿ ಮಾಯವಾದವು. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಲೇಪವನ್ನು ಹೊರಡುವ ಮುನ್ನ ಹಚ್ಚಿ, ಹೊರಗಿರುವಾಗ 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಲೇಪ ದುಬಾರಿಯೆನಿಸಿದರೂ ತುಂಬುತೋಳಿನ ದಟ್ಟ ನೇಯ್ಗೆಯ ಅಂಗಿ, ಅಗಲ ಅಂಚಿನ ಟೋಪಿ, ಕೊಡೆ ಎಲ್ಲರಿಗೂ ಎಟಕುತ್ತವೆ. ರುಮಾಲು ತಲೆಯನ್ನು ಕಾಯುತ್ತದೆ. ಕಿವಿ, ಮುಖಗಳಿಗೆ ಅದು ಸಾಲದು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೆರಳಿನಲ್ಲಿರುವುದೇ ಲೇಸು. ಜಾತ್ರೆ, ರಥೋತ್ಸವಗಳಿಗೆ ಬರುವಾಗಲೂ ಇದನ್ನು ಮರೆಯಬಾರದು.

ಈ ಎಚ್ಚರಿಕೆ ಶೈಶವದಿಂದಲೇ ಆರಂಭವಾಗಬೇಕು. ಅಲ್ಬಿನಿಸಂ ಉಳ್ಳ ಮಗುವನ್ನು ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿ, ಚೆನ್ನಾಗಿ ಓದಿಸಿ, ನೆರಳಿನಲ್ಲಿ ಮಾಡಬಹುದಾದ ಉದ್ಯೋಗಕ್ಕೆ ಅಣಿಗೊಳಿಸಬೇಕು. ಹಾಗೆ ಮಾಡಿದ ಮನೆಯವರು ಆ ಮಗುವನ್ನು ನಡುವಯಸ್ಸಿನಲ್ಲಿ ಬರಬಹುದಾದ ಕ್ಯಾನ್ಸರಿನಿಂದ ಬಹುಮಟ್ಟಿಗೆ ಕಾಪಾಡಿದಂತೆಯೇ ಸರಿ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಈ ಮಾತನ್ನು ಅವರ ಮನೆಗೆ ತಲುಪಿಸಿರೆಂದು ಭಕ್ತರಲ್ಲಿ ನಮ್ಮ ಕೋರಿಕೆ.