ಹಳೆಯ ಡೀಸೆಲ್ ಪಿಕಪ್‌ನ ಐಡ್ಲಿಂಗ್ ಏರಿಳಿತ: ಪಂಪ್ ದುರಸ್ತಿಗೆ ಮುನ್ನ ಪರಿಶೀಲಿಸಬೇಕಾದುದು

ಕಸ ಸಂಗ್ರಹಣೆಗೆ ಬಳಸುವ ಹಳೆಯ ಡೀಸೆಲ್ ಪಿಕಪ್ ನಿಂತಲ್ಲೇ ಚಾಲೂ ಇರುವಾಗ ಎಂಜಿನ್ನಿನ ವೇಗ ಏರಿಳಿಯುತ್ತ ಅದುರತೊಡಗಿದರೆ, ಗ್ಯಾರೇಜಿನ ಅಂದಾಜು ಪಟ್ಟಿಯಲ್ಲಿ ಇಂಜೆಕ್ಷನ್ ಪಂಪ್ ದುರಸ್ತಿಯೇ ಮೊದಲು ಕಾಣಿಸಿಕೊಳ್ಳುವುದುಂಟು. ಆ ವೆಚ್ಚಕ್ಕೆ ಸಭೆಯು ಅನುಮೋದನೆ ನೀಡುವ ಮುನ್ನ, ಇಂಧನದೊಡನೆ ಗಾಳಿ ಸೇರುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳುವುದು ಯುಕ್ತ.

ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಪಂಪ್ ಹೀರಿಕೊಳ್ಳುತ್ತದೆ. ಆದ್ದರಿಂದ ಅಲ್ಲಿನ ರಬ್ಬರ್ ಕೊಳವೆ ಬಿರಿದಿದ್ದರೂ, ಕ್ಲಿಪ್ ಸಡಿಲವಾಗಿದ್ದರೂ, ನೆಲಕ್ಕೆ ಒಂದು ಹನಿಯೂ ಬೀಳದೆ ಗಾಳಿ ಒಳಸೇರಬಹುದು. ಸೋರಿಕೆ ಕಾಣದ ಮಾತ್ರಕ್ಕೆ ಕೊಳವೆ ಸರಿಯಿದೆಯೆಂದು ಭಾವಿಸಲಾಗದು. ಪರೀಕ್ಷೆ ಸರಳ. ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಎಂಜಿನ್ನಿಗಿಂತ ಎತ್ತರದಲ್ಲಿರಿಸಿ, ಹೊಸ ಕೊಳವೆಯಿಂದ ಫೀಡ್ ಪಂಪಿಗೆ ಜೋಡಿಸಿ, ಗಾಳಿ ತೆಗೆದು ಮೆಕ್ಯಾನಿಕ್ ಎಂಜಿನ್ ಚಾಲೂ ಮಾಡಲಿ. ಏರಿಳಿತ ನಿಂತರೆ ದೋಷವಿರುವುದು ಟ್ಯಾಂಕಿನ ಕಡೆಯಲ್ಲಿ. ಇಂಜೆಕ್ಷನ್ ಪಂಪ್ ಬಿಚ್ಚುವ ಅಗತ್ಯವಿಲ್ಲ. ಫಿಲ್ಟರಿನ ತಳದಲ್ಲಿ ನಿಂತ ನೀರನ್ನೂ ಇದೇ ವೇಳೆ ಹೊರಬಿಡತಕ್ಕದ್ದು.

ಆಮೇಲೂ ಅದುರಿದರೆ ನಾಝಲ್‌ಗಳನ್ನು ನೋಡಬೇಕು. ಯಾಂತ್ರಿಕ ಪಂಪಿನ ವಾಹನದಲ್ಲಿ ನುರಿತ ಮೆಕ್ಯಾನಿಕ್ ನಾಝಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿದಾಗ, ಯಾವುದರಿಂದ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕಾಮನ್ ರೈಲ್ ವಾಹನಗಳಲ್ಲಿ ಈ ಕ್ರಮ ಸರ್ವಥಾ ಕೂಡದು. ಅಲ್ಲಿನ ಒತ್ತಡ 1,000 ಬಾರ್ ಮೀರಬಹುದಾಗಿದ್ದು, ಡೀಸೆಲ್ ಧಾರೆ ಚರ್ಮವನ್ನು ಭೇದಿಸಬಲ್ಲದು.

ಐಡ್ಲಿಂಗ್ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸುವುದು ದುರಸ್ತಿಯಲ್ಲ. ಅದುರುವಿಕೆ ಮರೆಯಾಗಿ ಡೀಸೆಲ್ ಮಾತ್ರ ಹೆಚ್ಚು ಉರಿಯುತ್ತದೆ. ಮನೆಮನೆಗೂ ನಿಂತು ಸಾಗುವ ವಾಹನಕ್ಕೆ ಇದು ಸಣ್ಣ ಮಾತಲ್ಲ. ಕ್ಯಾನ್ ಪರೀಕ್ಷೆಯ ಫಲಿತಾಂಶವನ್ನು ಅಂದಾಜು ಪಟ್ಟಿಯಲ್ಲಿಯೇ ನಮೂದಿಸಿಕೊಡುವಂತೆ ಗ್ಯಾರೇಜಿನವರನ್ನು ಕೋರಬಹುದು.