ಕರ್ನೆಲ್ಲಿಗೆ ಕೇಳಿಸುವ ಹುಣಸೂರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕರಲ್ಲಿ ಯಾವ ಊರಿನ ಡಿಟಿಪಿ ಅಂಗಡಿಯನ್ನು ಹೊಕ್ಕರೂ, ಪಹಣಿಯ ತಿದ್ದುಪಡಿಗೋ ಪೌತಿ ಖಾತೆಗೋ ಅರ್ಜಿ ಬರೆಸಲು ಬಂದ ರೈತನು ಬಾಯಲ್ಲಿ ಹೇಳುತ್ತಿರುವಂತೆಯೇ, ಅಂಗಡಿಯವರು ಕೀಲಿಮಣೆಯತ್ತ ಕಣ್ಣು ಹಾಯಿಸದೆ ಅದನ್ನೆಲ್ಲ ಕನ್ನಡದಲ್ಲಿ ಮೂಡಿಸುವುದನ್ನು ಕಾಣಬಹುದು. ಬೆರಳು ಕೀಲಿಯನ್ನು ಒತ್ತಿದ ಕ್ಷಣಕ್ಕೂ ಅಕ್ಷರವು ಪರದೆಯ ಮೇಲೆ ಮೂಡುವ ಕ್ಷಣಕ್ಕೂ ನಡುವೆ, ಕಂಪ್ಯೂಟರಿನ ಅಂತರಾಳದಲ್ಲಿ ನಡೆಯುವ ವ್ಯಾಪಾರವು ನಮ್ಮ ಗಮನಕ್ಕೆ ಬರುವುದು ಅಪರೂಪ. ಅದನ್ನು ಅರಿಯಲು 'ಹುಣಸೂರು' ಎಂಬ ಹೆಸರನ್ನೇ ಹಿಡಿದು ನೋಡೋಣ.

ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ, ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ನಾಡಿನ ಕಚೇರಿಗಳಲ್ಲೆಲ್ಲ ಬಳಕೆಗೆ ಬಂದ ಕೀಲಿವಿನ್ಯಾಸದಲ್ಲಿ ಈ ಹೆಸರಿಗೆ ಏಳು ಕೀಲಿಗಳು ಸಾಕು: ಎಚ್, ಯು, ಎನ್, ಎಸ್, ಯು, ಆರ್, ಯು. ಇವುಗಳಲ್ಲಿ ಣಕಾರದ ಎನ್‌ಗೂ ದೀರ್ಘ ಊಕಾರದ ಯುವಿಗೂ ಶಿಫ್ಟ್ ಜೊತೆಗೂಡಬೇಕು. ಆದರೆ ಆಪರೇಟಿಂಗ್ ಸಿಸ್ಟಮಿನ ಮೂಲಾಧಾರವಾದ ಕರ್ನೆಲ್ಲಿಗೆ ಅಕ್ಷರಜ್ಞಾನವೇ ಇಲ್ಲ. ಲಿನಕ್ಸ್ ಕರ್ನೆಲ್ಲಿಗೆ ನಮ್ಮ ಹುಣಸೂರು ಕೇಳಿಸುವುದು 35, 22, 49, 31, 22, 19, 22 ಎಂದು. ನಡುನಡುವೆ ಎಡಗಡೆಯ ಶಿಫ್ಟಿನ 42. ಕೀಲಿಯನ್ನು ಒತ್ತಿದರೆ ಸಂಖ್ಯೆಯೊಡನೆ 1, ಬಿಟ್ಟರೆ 0, ಒತ್ತಿಹಿಡಿದರೆ 2 ಎಂಬ ಸೂಚನೆಯೂ ಬರುತ್ತದೆ. ಹಳೆಯ ದುಂಡು ಪಿನ್ನಿನ ಕೀಲಿಮಣೆಗೂ ಇಂದಿನ ಯುಎಸ್‌ಬಿ ಕೀಲಿಮಣೆಗೂ ಪರಿಭಾಷೆ ಬೇರೆ. ಯುಎಸ್‌ಬಿಯದು ಎಚ್ ಕೀಲಿಗೆ 11 ಎಂದು ಕಳುಹಿಸಿದರೆ, ಅದನ್ನು ಕರ್ನೆಲ್ಲಿನ 35ಕ್ಕೆ ಪರಿವರ್ತಿಸುವ ಮಧ್ಯವರ್ತಿಯೇ ಡ್ರೈವರ್. ಅಲ್ಲಿಂದ ಮೇಲೆ, ಕನ್ನಡದ ವಿನ್ಯಾಸವನ್ನು ಬಲ್ಲ ಬೇರೊಂದು ಪದರವು ಆ ಸಂಖ್ಯೆಯನ್ನು ಹಕಾರವಾಗಿಸುತ್ತದೆ. ಲಿನಕ್ಸಿನಲ್ಲಿ ಈ ವಿನ್ಯಾಸಕ್ಕೆ ಗಣಕ ಪರಿಷತ್ತಿನ ಹೆಸರಿನಿಂದಲೇ 'ಕಗಪ' ಎಂಬ ಅಂಕಿತ ಬಿದ್ದಿದೆ; ಹಿಂದಿ, ಮರಾಠಿ, ತೆಲುಗು ಭಾಷೆಗಳಿಗೂ ಅದೇ ಹೆಸರಿನ ವಿನ್ಯಾಸಗಳು ಅಲ್ಲಿರುವುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ.

ಡ್ರೈವರೇ ಇಲ್ಲದಿದ್ದರೆ ಮೇಲಿನ ಈ ಏರ್ಪಾಡೆಲ್ಲವೂ ನಿಷ್ಫಲ. ತೂಬನ್ನೇ ಎತ್ತದ ಮೇಲೆ ಚುಂಚನಕಟ್ಟೆಯ ನಾಲೆಯ ಕೆಳಗಿನ ಗದ್ದೆ ಎಷ್ಟು ಹದವಾಗಿದ್ದರೇನು?

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ಕರ್ನೆಲ್ಲಿನ ಮೂಲಪಾಠವು ಎಲ್ಲರಿಗೂ ಮುಕ್ತವಾಗಿರುವುದರಿಂದ, ಅದನ್ನು ತನ್ನ ಯಂತ್ರಕ್ಕೆ ತಕ್ಕಂತೆ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಆಸಕ್ತಿಯುಳ್ಳ ಯಾರಿಗೂ ಉಂಟು. ಕಟ್ಟುವ ಮುನ್ನ 'ಮೇಕ್ ಮೆನುಕಾನ್ಫಿಗ್' ಎಂಬ ಆಜ್ಞೆಯಿಂದ ತೆರೆಯುವ ಪಟ್ಟಿಯಲ್ಲಿ ಬಹುಪಾಲು ಡ್ರೈವರುಗಳಿಗೆ ಮೂರು ಬಗೆಯ ಉತ್ತರ ಸಾಧ್ಯ: ಕರ್ನೆಲ್ಲಿನೊಳಗೇ ಬೆಸೆಯುವುದು, ಬೇಕಾದಾಗ ಡಿಸ್ಕಿನಿಂದ ತರಿಸಿಕೊಳ್ಳುವ ಮಾಡ್ಯೂಲಾಗಿ ಇಡುವುದು, ಇಲ್ಲವೇ ಕೈಬಿಡುವುದು. ಹಳೆಯ ದುಂಡು ಪಿನ್ನಿನ ಕೀಲಿಮಣೆಗೆ 'ಐ8042' ಎಂಬ ನಿಯಂತ್ರಕದ ಡ್ರೈವರೂ 'ಎಟಿ ಕೀಬೋರ್ಡ್' ಡ್ರೈವರೂ ಬೇಕು. ಯುಎಸ್‌ಬಿಗೆ ಎಚ್‌ಐಡಿ ಡ್ರೈವರಿನೊಡನೆ ಯುಎಸ್‌ಬಿ ನಿಯಂತ್ರಕದ ಡ್ರೈವರೂ ಅವಶ್ಯ. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಇವೆಲ್ಲವುಗಳ ಸಂಖ್ಯೆಗಳನ್ನು ಮೇಲಿನ ಪದರಕ್ಕೆ ಒಪ್ಪಿಸುವ 'ಇವೆಂಟ್ ಇಂಟರ್‌ಫೇಸ್' ಬಿಟ್ಟುಹೋದರಂತೂ, ಕಪ್ಪು ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳು ಮೂಡಿದರೂ, ಕನ್ನಡ ಬರೆಯುವ ಚಿತ್ರಮಯ ಪರದೆಯಲ್ಲಿ ಕೀಲಿಗಳು ಮೂಕವಾಗುತ್ತವೆ.

ಕೀಲಿಮಣೆಯ ಡ್ರೈವರನ್ನು ಕರ್ನೆಲ್ಲಿನೊಳಗೇ ಬೆಸೆಯುವುದು ಲೇಸೆಂದು ನನ್ನ ದೃಢವಾದ ಅಭಿಪ್ರಾಯ. ಗುಪ್ತಪದದಿಂದ ಬೀಗ ಹಾಕಿದ ಡಿಸ್ಕನ್ನು ತೆರೆಯಲು ಕೀಲಿಮಣೆ ಬೇಕು. ಆ ಕೀಲಿಮಣೆಯ ಮಾಡ್ಯೂಲು ಅದೇ ಡಿಸ್ಕಿನೊಳಗೆ ಮಾತ್ರ ಇದ್ದರೆ, ಗುಪ್ತಪದವನ್ನು ಬಲ್ಲ ಒಡೆಯನೂ ಪರದೆಯೆದುರು ನಿರುಪಾಯನಾಗಿ ಕೂರಬೇಕಾಗುತ್ತದೆ. ಸ್ಪರ್ಶಪರದೆ, ಆಟದ ಕೋಲು ಮೊದಲಾದವು ಮಾಡ್ಯೂಲುಗಳಾಗಿಯೇ ಇರಲಿ. ಹೊಸ ಲ್ಯಾಪ್‌ಟಾಪುಗಳ ಟಚ್‌ಪ್ಯಾಡು ಅನೇಕ ವೇಳೆ ಐ2ಸಿ ಎಂಬ ಬೇರೊಂದು ದಾರಿಯಿಂದ ಬರುತ್ತದಾದ್ದರಿಂದ ಅದಕ್ಕೆ ಪ್ರತ್ಯೇಕ ಗಮನ ಬೇಕು.

ಕಟ್ಟಿ ಮುಗಿದ ಮೇಲೆ ಹಳೆಯ ಕರ್ನೆಲ್ಲನ್ನು ಅಳಿಸದೆ ಬೂಟ್ ಪಟ್ಟಿಯಲ್ಲಿ ಉಳಿಸಿಕೊಳ್ಳತಕ್ಕದ್ದು. ಹೊಸದರಲ್ಲಿ 'ಇವಿಟೆಸ್ಟ್' ಎಂಬ ಪುಟ್ಟ ತಂತ್ರಾಂಶವನ್ನು ನಡೆಸಿ ಒಂದೊಂದೇ ಕೀಲಿಯನ್ನು ಒತ್ತಿದರೆ ಅದರದರ ಸಂಖ್ಯೆ ಪರದೆಯ ಮೇಲೆ ಕಾಣುತ್ತದೆ. ಸಂಖ್ಯೆ ಸರಿಯಾಗಿ ಬಂದೂ ಕನ್ನಡ ಮೂಡದಿದ್ದರೆ ದೋಷವು ಕರ್ನೆಲ್ಲಿನದಲ್ಲ, ಅದನ್ನು ಮೇಲಿನ ಪದರದಲ್ಲಿ ಹುಡುಕಬೇಕು.